ಕೈ ಕಲಿಯುವ ವಿದ್ಯೆ: ಹೋಟೆಲ್ ಮತ್ತು ಪ್ರವಾಸೋದ್ಯಮದ ತರಗತಿಗಳು

ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಹಾಜರಿ ಕೂಗುವ ಮೊದಲು ಉಗುರು ನೋಡುತ್ತಾರೆ. ಬೆಳಿಗ್ಗೆ ಸಾಲಾಗಿ ನಿಂತ ವಿದ್ಯಾರ್ಥಿಗಳ ಮುಂದೆ ಅಧ್ಯಾಪಕರೊಬ್ಬರು ನಡೆದುಹೋಗುತ್ತ ಗಡ್ಡ ಬೋಳಿಸಿದೆಯೇ, ಕಪ್ಪು ಬೂಟಿಗೆ ಪಾಲಿಶ್ ಬಿದ್ದಿದೆಯೇ, ಹುಡುಗಿಯರ ತುರುಬು ಬಲೆಯೊಳಗಿದೆಯೇ, ಬೆರಳಿನಲ್ಲಿ ಉಂಗುರ ಉಳಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಇದಕ್ಕೆ ಗ್ರೂಮಿಂಗ್ ಎನ್ನುತ್ತಾರೆ. ಹೊಸದಾಗಿ ಸೇರಿದವರಿಗೆ ಇದು ಮಿಲಿಟರಿ ಶಿಸ್ತಿನಂತೆ ಕಾಣುತ್ತದೆ. ಆದರೆ ಪ್ರತಿಯೊಂದಕ್ಕೂ ಕಾರಣವಿದೆ. ಉಂಗುರದ ಸಂದಿಯಲ್ಲಿ ಕೊಳೆ ನಿಲ್ಲುತ್ತದೆ, ಹಿಟ್ಟು ನಾದುವಾಗ ಉಂಗುರ ಜಾರಿ ಬೀಳಲೂಬಹುದು. ಬಾಣಸಿಗರ ಬಿಳಿ ಕೋಟಿನ ಎದೆಭಾಗ ಎರಡು ಪದರದ್ದು. ಕುದಿಯುವ ಎಣ್ಣೆ ಸಿಡಿದಾಗ ಒಳಗಿನ ಪದರ ಮೈ ಕಾಯುತ್ತದೆ. ಹೊರಪದರಕ್ಕೆ ಕಲೆಯಾದರೆ ಗುಂಡಿ ಬಿಚ್ಚಿ ಅದನ್ನು ಒಳಕ್ಕೆ ಹಾಕಿ ಚೊಕ್ಕಟವಾದ ಬದಿಯನ್ನು ಮುಂದೆ ತರಬಹುದು. ಮೊದಲ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಯ ಕೈ ಪುಸ್ತಕಕ್ಕಿಂತ ಹೆಚ್ಚಾಗಿ ಇಸ್ತ್ರಿ ಪೆಟ್ಟಿಗೆಗೆ ಒಗ್ಗಿಕೊಳ್ಳುತ್ತದೆ.

ಈ ವಿದ್ಯೆಯನ್ನು ಶಾಲೆಯಲ್ಲಿ ಕಲಿಸುವ ಪದ್ಧತಿ ತೀರ ಹಳೆಯದಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ 1893ರಲ್ಲಿ ಮೊದಲ ಹೋಟೆಲ್ ಶಾಲೆ ತೆರೆಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 1922ರಲ್ಲಿ ಇದನ್ನು ಪದವಿಯ ಮಟ್ಟಕ್ಕೆ ತಂದಿತು. ಭಾರತದಲ್ಲಿ 1954ರಲ್ಲಿ, ಲೀಲಾವತಿ ಮುನ್ಷಿಯವರ ಮುಂದಾಳ್ತನದ ಮಹಿಳಾ ಆಹಾರ ಮಂಡಳಿ ಮುಂಬಯಿಯಲ್ಲಿ ಕೇಟರಿಂಗ್ ಕಾಲೇಜು ಆರಂಭಿಸಿತು. ದಾದರ್ ಕೇಟರಿಂಗ್ ಕಾಲೇಜು ಎಂದೇ ಹೆಸರಾದ ಆ ಸಂಸ್ಥೆ ಮುಂದೆ ದೇಶದ ಹೋಟೆಲುಗಳಿಗೆ ತಲೆಮಾರುಗಟ್ಟಲೆ ಬಾಣಸಿಗರನ್ನೂ ಮ್ಯಾನೇಜರುಗಳನ್ನೂ ಕೊಟ್ಟಿತು. 1982ರಲ್ಲಿ ಕೇಂದ್ರ ಸರ್ಕಾರ ಇಂಥ ಸಂಸ್ಥೆಗಳಿಗೆಲ್ಲ ಒಂದೇ ಪಠ್ಯಕ್ರಮ ಇರಲೆಂದು ಹೋಟೆಲ್ ಮ್ಯಾನೇಜ್‌ಮೆಂಟ್ ರಾಷ್ಟ್ರೀಯ ಮಂಡಳಿಯನ್ನು ಸ್ಥಾಪಿಸಿತು. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಐಎಚ್‌ಎಂ, ಅಂದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ, ನಡೆಯುವುದು ಈ ಮಂಡಳಿಯ ಅಡಿಯಲ್ಲಿ. ಮಣಿಪಾಲದಲ್ಲಿ 1980ರ ದಶಕದಲ್ಲಿ ಐಟಿಸಿಯ ವೆಲ್‌ಕಮ್‌ಗ್ರೂಪ್ ಜೊತೆ ಸೇರಿ ಶುರುವಾದ ಕಾಲೇಜು ಖಾಸಗಿ ವಲಯದ ಹಳೆಯ ಹೆಸರುಗಳಲ್ಲಿ ಒಂದು. ನ್ಯೂಯಾರ್ಕ್‌ನಲ್ಲಿ ಹೆಸರು ಮಾಡಿದ ಶೆಫ್ ವಿಕಾಸ್ ಖನ್ನಾ ಕಲಿತದ್ದು ಅಲ್ಲಿಯೇ.

ಕನ್ನಡ ನಾಡಿಗೆ ಈ ಕಾಲೇಜುಗಳಿಗಿಂತ ಹಳೆಯ ಶಾಲೆಯೊಂದು ಗೊತ್ತು, ಅದಕ್ಕೆ ಫಲಕವಿರಲಿಲ್ಲ ಅಷ್ಟೆ. ಕರಾವಳಿಯ ಹುಡುಗರು ಬೆಂಗಳೂರು, ಮದರಾಸು, ಮುಂಬಯಿಯ ಹೋಟೆಲುಗಳಿಗೆ ಹೋಗಿ ಮೇಜು ಒರೆಸುವುದರಿಂದ ಆರಂಭಿಸಿ, ಲೋಟ ತೊಳೆದು, ಸಪ್ಲೈಯರ್ ಆಗಿ, ಕಾಫಿಯ ಡಿಕಾಕ್ಷನ್ ಇಳಿಸುವುದನ್ನು ಕಲಿತು, ಕೊನೆಗೆ ಗಲ್ಲಾದ ಮೇಲೆ ಕೂರುವ ದಾರಿ ಅದು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂಟಿಆರ್ ಹೋಟೆಲನ್ನು ಕಟ್ಟಿದ ಯಜ್ಞನಾರಾಯಣ ಮಯ್ಯರು ಇದೇ ಪರಂಪರೆಯವರು. 1951ರಲ್ಲಿ ಅವರು ಯುರೋಪಿನ ಹೋಟೆಲುಗಳನ್ನು ನೋಡಲೆಂದೇ ಪ್ರವಾಸ ಮಾಡಿ ಬಂದು, ಪಾತ್ರೆಗಳ ಶುದ್ಧಿಯಿಂದ ಹಿಡಿದು ಅಡುಗೆಮನೆಯ ಒಟ್ಟು ನಡಾವಳಿಯನ್ನೇ ತಿದ್ದಿದರು. ಇಂದು ಕಾಲೇಜಿನಲ್ಲಿ ಮೂರು ವರ್ಷ ಕಲಿಸುವ ಎಷ್ಟೋ ಸಂಗತಿಗಳನ್ನು ಉಡುಪಿ ಹೋಟೆಲಿನ ಹಿಂಬಾಗಿಲಲ್ಲಿ ಹುಡುಗರು ಕಣ್ಣಿಂದಲೇ ಕಲಿತಿದ್ದರು. ಕಾಲೇಜು ಅದಕ್ಕೆ ಸೇರಿಸಿರುವುದು ಅಳತೆ, ಕಾರಣ ಮತ್ತು ಲೆಕ್ಕ.

ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲಾ ಯಾವ ವಿಭಾಗ ಓದಿದ್ದರೂ ಈ ಕೋರ್ಸಿಗೆ ಸೇರಬಹುದು. ರಾಷ್ಟ್ರೀಯ ಮಂಡಳಿಯ ಕಾಲೇಜುಗಳಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಇದೆ. ಲೆಕ್ಕ, ತರ್ಕ, ಸಾಮಾನ್ಯ ಜ್ಞಾನ, ಇಂಗ್ಲಿಷ್‌ಗಳ ಜೊತೆಗೆ ಅದರಲ್ಲಿ ಸೇವಾ ವಲಯದ ಒಲವನ್ನು ಅಳೆಯುವ ಭಾಗವೂ ಒಂದು. ಸಿಟ್ಟಾದ ಗ್ರಾಹಕ, ತಡವಾದ ಆರ್ಡರು, ಸಹೋದ್ಯೋಗಿಯ ತಪ್ಪು ಇಂಥ ಸನ್ನಿವೇಶ ಕೊಟ್ಟು ‘ನೀವಾದರೆ ಮೊದಲು ಏನು ಮಾಡುತ್ತೀರಿ’ ಎಂಬ ಬಗೆಯ ಪ್ರಶ್ನೆ ಕೇಳುತ್ತಾರೆ. ರ್‍ಯಾಂಕ್ ಬಂದವರೆಲ್ಲ ಇದಕ್ಕೆ ಹೊಂದುತ್ತಾರೆ ಎಂದೇನಿಲ್ಲ. ಹಬ್ಬದ ದಿನವೇ ಹೆಚ್ಚು ಕೆಲಸವಿರುವ, ಇಡೀ ದಿನ ನಿಂತೇ ಇರಬೇಕಾದ ವೃತ್ತಿ ಇದು ಎಂಬುದನ್ನು ಸೇರುವ ಮೊದಲೇ ಮನೆಯವರಿಗೂ ಹುಡುಗರಿಗೂ ಬಿಡಿಸಿ ಹೇಳುವ ಕಾಲೇಜುಗಳು ಇನ್ನಷ್ಟು ಬೇಕು.

ಪದವಿಯ ಬುನಾದಿ ನಾಲ್ಕು ವಿಭಾಗಗಳು: ಅಡುಗೆಮನೆ, ಊಟೋಪಚಾರ, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್. ಮುಂದೆ ಯಾವುದನ್ನು ಹಿಡಿಯುವವರಾದರೂ ಮೊದಲು ನಾಲ್ಕನ್ನೂ ಕಲಿಯಲೇಬೇಕು.

ಅಡುಗೆಮನೆಯ ಮೊದಲ ಪಾಠ ಚಾಕು ಹಿಡಿಯುವುದು. ಮನೆಯಲ್ಲಿ ‘ಸಣ್ಣಗೆ ಹೆಚ್ಚು’ ಅಂದರೆ ಸಾಕು. ಇಲ್ಲಿ ಅದಕ್ಕೆ ಮಿಲಿಮೀಟರಿನ ಲೆಕ್ಕವಿದೆ. ಕಡ್ಡಿಯಂತೆ ಸೀಳಿದ್ದು ಜೂಲಿಯನ್, ಆ ಕಡ್ಡಿಯನ್ನೇ ಅಡ್ಡಕ್ಕೆ ಕತ್ತರಿಸಿ 2–3 ಮಿ.ಮೀ. ತುಣುಕು ಮಾಡಿದರೆ ಬ್ರೂನ್ವಾ, ಅದಕ್ಕಿಂತ ದಪ್ಪ ಚೌಕ ಮಾಸೆದ್ವಾನ್. ಕ್ಯಾರೆಟ್ ಒಂದೇ ಗಾತ್ರದಲ್ಲಿದ್ದರೆ ಒಂದೇ ಸಮಯಕ್ಕೆ ಬೇಯುತ್ತದೆ, ಇಲ್ಲದಿದ್ದರೆ ಅರ್ಧ ಹಸಿ, ಅರ್ಧ ಮುದ್ದೆ. ಇಷ್ಟೇ ಅದರ ಗುಟ್ಟು. ಈ ಫ್ರೆಂಚ್ ಹೆಸರುಗಳೆಲ್ಲ ಪಠ್ಯಕ್ಕೆ ಬಂದಿರುವುದು ಬಹುಮಟ್ಟಿಗೆ ಒಗುಸ್ತ್ ಎಸ್ಕೊಫಿಯೆ (1846–1935) ಕಟ್ಟಿದ ಕ್ರಮದಿಂದ. ದೊಡ್ಡ ಹೋಟೆಲಿನ ಅಡುಗೆಮನೆಯನ್ನು ಸೈನ್ಯದ ತುಕಡಿಯಂತೆ ವಿಂಗಡಿಸಿ, ಸಾಸಿಗೊಬ್ಬ, ಮೀನಿಗೊಬ್ಬ, ತರಕಾರಿಗೊಬ್ಬ ಎಂದು ಕೆಲಸ ಹಂಚಿದವರು ಅವರು. ಅಡುಗೆಯ ಬಗೆಗಿನ ಅವರ ಪ್ರಸಿದ್ಧ ಪುಸ್ತಕ 1903ರಲ್ಲಿ ಬಂತು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಈ ಹೆಸರುಗಳ ಎದುರು ಮೊದಮೊದಲು ತಬ್ಬಿಬ್ಬಾಗುತ್ತಾರೆ. ವಿದ್ಯೆ ಮಾತ್ರ ಅವರಿಗೆ ಅಷ್ಟು ಅಪರಿಚಿತವಲ್ಲ. ಬೆಶಮೆಲ್ ಎಂಬ ಬಿಳಿ ಸಾಸ್ ಮಾಡುವಾಗ ಮೈದಾವನ್ನು ಮೊದಲು ಬೆಣ್ಣೆಯಲ್ಲಿ ಹುರಿದು ಆಮೇಲೆ ಹಾಲು ಬೆರೆಸುತ್ತಾರೆ. ರಾಗಿ ಅಂಬಲಿ ಕಾಸುವ ತಾಯಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ ಆಮೇಲೆ ಕುದಿಯುವ ಎಸರಿಗೆ ಹುಯ್ಯುತ್ತಾಳೆ. ಎರಡರ ಉದ್ದೇಶವೂ ಗಂಟು ಕಟ್ಟದಂತೆ ನೋಡಿಕೊಳ್ಳುವುದು. ಪಿಷ್ಟದ ಕಣ ಒಮ್ಮೆಲೇ ಬಿಸಿನೀರಿಗೆ ಬಿದ್ದರೆ ಹೊರಮೈ ಅಂಟಾಗಿ ಒಳಗೆ ಒಣಹಿಟ್ಟು ಉಳಿಯುತ್ತದೆ. ಬೆಣ್ಣೆಯೋ ತಣ್ಣೀರೋ ಕಣಕಣವನ್ನೂ ಬೇರೆಬೇರೆ ಮಾಡಿಕೊಡುತ್ತದೆ. ಇದನ್ನು ಅಂಬಲಿಯಿಂದ ಶುರುಮಾಡಿ ಬೆಶಮೆಲ್‌ಗೆ ಒಯ್ಯುವ ಅಧ್ಯಾಪಕರ ತರಗತಿಯಲ್ಲಿ ಹಳ್ಳಿಯ ವಿದ್ಯಾರ್ಥಿ ತಲೆ ಎತ್ತಿ ಕೂರುತ್ತಾನೆ. ಫ್ರೆಂಚ್ ಹೆಸರು ಬಾಯಿಪಾಠ ಮಾಡಿಸಿ ಬಿಟ್ಟರೆ ಅವನು ಮೂರು ವರ್ಷವೂ ಹಿಂದಿನ ಬೆಂಚಿನಲ್ಲೇ ಉಳಿಯುತ್ತಾನೆ.

ಎರಡನೇ ವರ್ಷಕ್ಕೆ ಬರುವಾಗ ಅಡುಗೆಯ ಪ್ರಮಾಣ ಬದಲಾಗುತ್ತದೆ. ನಾಲ್ಕು ಜನರ ಸಾರು ಮಾಡಿದ್ದವರು ನೂರು ಜನರ ಸಾರಿಗೆ ನಿಲ್ಲಬೇಕು. ಸಾಮಾನೆಲ್ಲವನ್ನೂ ಇಪ್ಪತ್ತೈದರಿಂದ ಗುಣಿಸಿದರೆ ಮುಗಿಯಿತೆಂದು ನಂಬಿದ ಹುಡುಗರು ಮೊದಲ ದಿನವೇ ಉಪ್ಪು, ಖಾರ ಕೆಡಿಸುತ್ತಾರೆ. ಅಗಲ ಪಾತ್ರೆಯಲ್ಲಿ ನೀರು ಇಂಗುವ ಬಗೆ ಬೇರೆ, ದೊಡ್ಡ ಒಗ್ಗರಣೆಗೆ ಕಾಯಿಸುವ ಎಣ್ಣೆಯ ಬಿಸಿ ಬೇರೆ. ಹದ ಎಂಬ ಮಾತಿಗೆ ಇಲ್ಲಿ ಬೆಲೆ. ಮೈಸೂರು ಪಾಕಿಗೆ ಸಕ್ಕರೆ ಪಾಕ ಎಳೆ ಬಂದಿದೆಯೇ ಎಂದು ತಿಳಿಯಲು ಕಾಲೇಜು ಥರ್ಮಾಮೀಟರ್ ಕೊಡುತ್ತದೆ, ಹಳೆಯ ಬಾಣಸಿಗರು ಹೆಬ್ಬೆರಳು ತೋರುಬೆರಳಿನ ನಡುವೆ ಹನಿ ಹಿಡಿದು ನೋಡುತ್ತಾರೆ. ಎರಡನ್ನೂ ಕಲಿತವನ ಕೈಯಲ್ಲಿ ಪಾಕ ಕೆಡುವುದು ಕಡಿಮೆ.

ರುಚಿಗಿಂತ ಮೊದಲು ಸುರಕ್ಷತೆ ಎಂಬುದನ್ನು ಈ ಕೋರ್ಸು ಪದೇ ಪದೇ ಹೇಳುತ್ತದೆ. 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನ ತಾಪಮಾನದಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಆದ್ದರಿಂದ ಬಿಸಿ ಅಡುಗೆ 60ರ ಮೇಲಿರಬೇಕು, ತಣ್ಣಗಿನದು 5ರ ಕೆಳಗಿರಬೇಕು. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಚಿತ್ರಾನ್ನದ ಒಗ್ಗರಣೆ ಹಾಕುವ ಮನೆಯಿಂದ ಬಂದವರಿಗೆ ಈ ಪಾಠ ಬೆರಗು ಹುಟ್ಟಿಸುತ್ತದೆ. ಅನ್ನದಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಅನ್ನ ನಿಧಾನವಾಗಿ ಆರಿದರೆ ಅವು ಮತ್ತೆ ಚಿಗುರುತ್ತವೆ. ಹಾಗಾಗಿ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಸಿ, ಆಮೇಲೆ ಫ್ರಿಜ್ಜಿಗೆ ಸೇರಿಸುವುದನ್ನು ಕಲಿಸುತ್ತಾರೆ. ಹೆಚ್ಚುವ ಹಲಗೆಗಳಿಗೂ ಬಣ್ಣವಿದೆ: ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ, ಹಣ್ಣು ಸೊಪ್ಪಿಗೆ ಹಸಿರು, ಬ್ರೆಡ್ಡು ಚೀಸಿಗೆ ಬಿಳಿ. ಕೋಳಿ ಕೊಯ್ದ ಹಲಗೆಯ ಮೇಲೆ ಸೌತೆಕಾಯಿ ಹೆಚ್ಚಿದ ವಿದ್ಯಾರ್ಥಿಯ ಸೌತೆಕಾಯಿಯೆಲ್ಲ ಅಲ್ಲೇ ಕಸದ ಬುಟ್ಟಿಗೆ ಹೋಗುತ್ತದೆ.

ಊಟೋಪಚಾರದ ಪಾಠವನ್ನು ಬಾಳೆಲೆಯ ಊಟ ಬಲ್ಲವರಿಗೆ ಹೇಳುವುದು ಸುಲಭ. ಕುಡಿ ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು, ಉಪ್ಪು ಮೊದಲು, ಕೋಸಂಬರಿ ಪಲ್ಯಗಳಿಗೆ ಅವುಗಳದೇ ಜಾಗ ಎಂಬ ನಿಯಮ ಹೇಗೋ, ರೆಸ್ಟೋರೆಂಟಿನ ಮೇಜಿನ ಮೇಲೂ ಹಾಗೆಯೇ. ಒಬ್ಬರಿಗೆ ಸುಮಾರು 60 ಸೆಂ.ಮೀ. ಅಗಲದ ಜಾಗ, ಅದಕ್ಕೆ ಕವರ್ ಎಂದು ಹೆಸರು. ಚಾಕು ಬಲಕ್ಕೆ, ಫೋರ್ಕ್ ಎಡಕ್ಕೆ, ನೀರಿನ ಗ್ಲಾಸು ಚಾಕುವಿನ ತುದಿಯ ನೇರಕ್ಕೆ. ಒಂದೇ ಕೈಯಲ್ಲಿ ಮೂರು ತಟ್ಟೆ ಹಿಡಿದು ನಡೆಯುವುದು, ಚಮಚ ಮತ್ತು ಫೋರ್ಕನ್ನು ಇಕ್ಕಳದಂತೆ ಹಿಡಿದು ಬ್ರೆಡ್ಡಿನ ತುಂಡು ಎತ್ತುವುದು ಇವೆಲ್ಲ ವಾರಗಟ್ಟಲೆ ಅಭ್ಯಾಸ ಬೇಡುತ್ತವೆ. ಆದರೆ ಈ ವಿಭಾಗದ ಕಷ್ಟದ ಪಾಠ ಮೇಜನ್ನು ದೂರದಿಂದ ಗಮನಿಸುವುದು. ಮೆನು ಮುಚ್ಚಿಟ್ಟವರು ಆರ್ಡರು ಕೊಡಲು ಸಿದ್ಧ, ಪದೇ ಪದೇ ಗಡಿಯಾರ ನೋಡುವವರಿಗೆ ಬಿಲ್ಲು ಬೇಕು, ವಯಸ್ಸಾದವರು ಸಾಂಬಾರಿನ ಬಟ್ಟಲು ಅತ್ತ ಸರಿಸಿದರೆ ಖಾರವಾಗಿದೆ. ಕರೆಯುವ ಮೊದಲೇ ಹೋಗಿ ನಿಲ್ಲುವ ಈ ಗುಣ ಪಠ್ಯಕ್ರಮದಲ್ಲಿ ಒಂದು ಸಾಲೂ ಇಲ್ಲದಿದ್ದರೂ ಇಡೀ ವೃತ್ತಿ ನಿಂತಿರುವುದು ಅದರ ಮೇಲೆ.

ಹೌಸ್‌ಕೀಪಿಂಗ್ ಎಂದರೆ ಕಸ ಗುಡಿಸುವ ಕೆಲಸ ಎಂದು ಮೂಗು ಮುರಿಯುವವರು ವಿದ್ಯಾರ್ಥಿಗಳಲ್ಲೂ ಇದ್ದಾರೆ, ಪೋಷಕರಲ್ಲಂತೂ ಹೆಚ್ಚು. ಒಂದು ಹಾಸಿಗೆ ಹಾಸುವುದನ್ನು ನೋಡಿದರೆ ಆ ಅಭಿಪ್ರಾಯ ಉಳಿಯುವುದಿಲ್ಲ. ಹಳೆಯ ಹೊದಿಕೆ ತೆಗೆಯುವಾಗಲೇ ಅದರಲ್ಲಿ ಅತಿಥಿಯ ಕನ್ನಡಕವೋ ಓಲೆಯೋ ಉಳಿದಿದೆಯೇ ಎಂದು ಕೊಡವಿ ನೋಡಬೇಕು. ಹೊಸ ಹಾಸನ್ನು ಒಂದೇ ಬೀಸಿಗೆ ಹರಡಿ, ನಡುಮಡಿಕೆ ಹಾಸಿಗೆಯ ಮಧ್ಯಕ್ಕೆ ಬರುವಂತೆ ಕೂರಿಸಿ, ಮೂಲೆಯಲ್ಲಿ ಬಟ್ಟೆಯನ್ನು 45 ಡಿಗ್ರಿ ಕೋನಕ್ಕೆ ಮಡಚಿ ಕೆಳಗೆ ತೂರಿಸಬೇಕು. ಈ ಮಡಿಕೆ ಸರಿಯಿದ್ದರೆ ರಾತ್ರಿಯಿಡೀ ಹೊರಳಾಡಿದರೂ ಹಾಸು ಎದ್ದು ಬರದು. ದೊಡ್ಡ ಹೋಟೆಲಿನಲ್ಲಿ ಒಬ್ಬ ರೂಮ್ ಅಟೆಂಡೆಂಟ್ ಒಂದು ಪಾಳಿಯಲ್ಲಿ ಸಾಮಾನ್ಯವಾಗಿ 14ರಿಂದ 16 ಕೋಣೆ ಮುಗಿಸುತ್ತಾರೆ. ಅಂದರೆ ಕೋಣೆಗೆ ಅರ್ಧ ಗಂಟೆ, ಅದರಲ್ಲೇ ಬಚ್ಚಲು ತೊಳೆಯುವುದೂ ಸೇರಿದೆ. ತೊಳೆಯುವ ದ್ರಾವಣಗಳನ್ನು ಟಾಸ್ಕಿ ಕಂಪನಿಯ ಸಂಖ್ಯೆಗಳಲ್ಲೇ ಎಲ್ಲರೂ ಕರೆಯುತ್ತಾರೆ: ಆರ್1 ಬಚ್ಚಲಿಗೆ, ಆರ್2 ನೆಲ ಮತ್ತಿತರ ಮೇಲ್ಮೈಗೆ, ಆರ್3 ಗಾಜಿಗೆ, ಆರ್6 ಕಮೋಡಿಗೆ. ಕಮೋಡಿಗೆ ಹಾಕುವ ಆಮ್ಲವನ್ನು ಬ್ಲೀಚಿನ ಜೊತೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ ಎಂಬ ಎಚ್ಚರಿಕೆಯನ್ನು ಪ್ರಾಯೋಗಿಕ ತರಗತಿಯ ಮೊದಲ ದಿನವೇ ಕೊಡಬೇಕು. ಕೆಲವೆಡೆ ಅದು ಥಿಯರಿ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಉಳಿದಿರುವುದು ಬೇಸರದ ಸಂಗತಿ.

ಅತಿಥಿಗಳನ್ನು ಬರಮಾಡಿಕೊಳ್ಳುವ ಫ್ರಂಟ್ ಆಫೀಸಿನಲ್ಲಿ ಮಾತಿನ ಜೊತೆ ಲೆಕ್ಕ. 120 ಕೋಣೆಯ ಹೋಟೆಲಿನಲ್ಲಿ 90 ಕೋಣೆ ತುಂಬಿದರೆ ಭರ್ತಿ ಪ್ರಮಾಣ ಶೇ 75. ತುಂಬಿದ ಕೋಣೆಗೆ ಸರಾಸರಿ 4,000 ರೂಪಾಯಿ ಬಂದಿದ್ದರೆ, ಇರುವ ಒಟ್ಟು ಕೋಣೆಗಳ ಮೇಲೆ ಹಂಚಿದಾಗ ಸಿಗುವುದು 3,000. ಹೋಟೆಲಿನ ಆರೋಗ್ಯ ತಿಳಿಸುವುದು ಈ ಎರಡನೆಯ ಸಂಖ್ಯೆ. ದರ ಇಳಿಸಿ ಕೋಣೆ ತುಂಬಿಸಬೇಕೋ, ದರ ಹಿಡಿದು ಕೆಲವು ಖಾಲಿ ಬಿಡಬೇಕೋ ಎಂಬ ತೀರ್ಮಾನ ಇದರಿಂದ ಹುಟ್ಟುತ್ತದೆ. ವಿದೇಶಿ ಅತಿಥಿ ಬಂದರೆ ಪಾಸ್‌ಪೋರ್ಟ್, ವೀಸಾ ನೋಡಿ, ಹೋಟೆಲಿನವರ ಬಾಯಲ್ಲಿ ಸಿ ಫಾರ್ಮ್ ಎಂದು ರೂಢಿಯಾದ ವಿವರವನ್ನು 24 ಗಂಟೆಯೊಳಗೆ ಅಧಿಕಾರಿಗಳಿಗೆ ಕಳಿಸಬೇಕು. ಅದನ್ನು ಮರೆತರೆ ಹೋಟೆಲು ಕಾನೂನಿನ ಮುಂದೆ ಉತ್ತರ ಕೊಡಬೇಕಾಗುತ್ತದೆ.

ಪ್ರವಾಸೋದ್ಯಮ ಓದುವವರ ದಾರಿ ಇಲ್ಲಿಂದ ಕವಲೊಡೆಯುತ್ತದೆ. ಈ ವಿಷಯಕ್ಕೆಂದೇ ಕೇಂದ್ರ ಸರ್ಕಾರ 1983ರಲ್ಲಿ ಸ್ಥಾಪಿಸಿದ ಸಂಸ್ಥೆ ಗ್ವಾಲಿಯರ್‌ನಲ್ಲಿದೆ; ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲೂ ಪದವಿ, ಸ್ನಾತಕೋತ್ತರ ಕೋರ್ಸುಗಳಿವೆ. ವಿಮಾನ ನಿಲ್ದಾಣಗಳ ಮೂರಕ್ಷರದ ಸಂಕೇತ, ಟಿಕೆಟ್ ಕಾದಿರಿಸುವ ಅಮಾಡಿಯಸ್, ಗೆಲಿಲಿಯೋದಂಥ ತಂತ್ರಾಂಶಗಳು, ವೀಸಾ ನಿಯಮಗಳು ಅಲ್ಲಿನ ನಿತ್ಯದ ಪಾಠ. ಮಂಗಳೂರಿಗೆ ಐಎಕ್ಸ್‌ಇ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್ ಎಂದು ಬಾಯಿಪಾಠ ಮಾಡುವುದು ಕಷ್ಟವೇನಲ್ಲ. ಪ್ರವಾಸದ ದಿನಚರಿ ಹೆಣೆಯುವುದೇ ನಿಜವಾದ ಪರೀಕ್ಷೆ.

ಬೆಂಗಳೂರಿನಿಂದ ಹೊರಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ನೋಡಿ, ಮೈಸೂರು ಮುಟ್ಟಿ, ಊಟಿಗೆ ಹೋಗುವ ನಾಲ್ಕು ದಿನದ ಪ್ರವಾಸ ಯೋಜಿಸಿ ಎಂದು ಕೊಟ್ಟರೆ ಹೊಸಬರು ನಕ್ಷೆ ಹಿಡಿದು ಊರುಗಳನ್ನು ಗೆರೆಯಿಂದ ಜೋಡಿಸುತ್ತಾರೆ. ಅನುಭವಿ ಅಧ್ಯಾಪಕರ ಕೆಂಪು ಶಾಯಿ ಆಮೇಲೆ ಕೆಲಸ ಮಾಡುತ್ತದೆ. ಶ್ರವಣಬೆಳಗೊಳದ ಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು. ಏಪ್ರಿಲಿನ ಮಧ್ಯಾಹ್ನ ಅಲ್ಲಿಗೆ ವಯಸ್ಸಾದವರನ್ನು ಒಯ್ಯುವುದು ತಪ್ಪು. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಮೈಸೂರು ಮೃಗಾಲಯ ಮಂಗಳವಾರ ಮುಚ್ಚಿರುತ್ತದೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಸಿಗುವುದರಿಂದ ಮೈಸೂರಿನ ರಾತ್ರಿ ಭಾನುವಾರಕ್ಕೆ ಬೀಳುವಂತೆ ಇಡೀ ಪ್ರವಾಸವನ್ನೇ ಸರಿಸಿದರೆ ಲಾಭ. ಊಟಿಯ ದಾರಿ ಬಂಡೀಪುರದ ಕಾಡಿನ ನಡುವೆ ಹಾಯುತ್ತದೆ, ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ. ಇದನ್ನು ಮರೆತು ‘ರಾತ್ರಿ ಊಟದ ನಂತರ ಊಟಿಗೆ ಪ್ರಯಾಣ’ ಎಂದು ಬರೆದ ವಿದ್ಯಾರ್ಥಿಯ ಬಸ್ಸು ಗೇಟಿನ ಮುಂದೆ ಬೆಳಗಾಗುವವರೆಗೆ ನಿಲ್ಲುತ್ತದೆ. ಇದರ ಮೇಲೆ ದರದ ಲೆಕ್ಕ: ಬಸ್ಸಿನ ಬಾಡಿಗೆ 30,000 ಆದರೆ ಮೂವತ್ತು ಜನರಿಗೆ ತಲಾ ಸಾವಿರ, ಇಪ್ಪತ್ತೇ ಜನ ಬಂದರೆ ಒಂದೂವರೆ ಸಾವಿರ. ಎಷ್ಟು ಜನ ಬಂದರೆ ನಷ್ಟವಿಲ್ಲ ಎಂಬುದನ್ನು ಮೊದಲೇ ತಿಳಿಯದೆ ಜಾಹೀರಾತು ಕೊಡುವಂತಿಲ್ಲ.

ಮಾರ್ಗದರ್ಶಿಯಾಗುವವರಿಗೆ ಬೇಕಾದದ್ದು ಇನ್ನೊಂದು ಬಗೆಯ ಶಿಸ್ತು. ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆಯಾದದ್ದು. ಇದಕ್ಕೆ ಶಾಸನದ ಆಧಾರವಿದೆ. ಬಳ್ಳಿಗಾವೆಯ ದಾಸೋಜನಂಥ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನ ಮೇಲೇ ಕೊರೆದಿದ್ದಾರೆ. ಶಿಲ್ಪಿ ಜಕಣಾಚಾರಿಯ ಕಥೆಗೆ, ವಿಗ್ರಹದ ಹೊಟ್ಟೆಯೊಳಗಿನ ಕಪ್ಪೆಯ ಪ್ರಸಂಗಕ್ಕೆ ಅಂಥ ಆಧಾರವಿಲ್ಲ, ಆದರೂ ಅದು ಜನರ ನೆನಪಿನಲ್ಲಿ ಬೇರೂರಿದ ಸೊಗಸಾದ ಕಥೆ. ಒಳ್ಳೆಯ ಮಾರ್ಗದರ್ಶಿ ಎರಡನ್ನೂ ಹೇಳುತ್ತಾರೆ. ಕಥೆಯನ್ನು ಕಥೆಯೆಂದು, ಶಾಸನವನ್ನು ಶಾಸನವೆಂದು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ ಈ ಎಚ್ಚರ ಇನ್ನೂ ಅಗತ್ಯ. ಕಾಡಿನ ಮಾರ್ಗದರ್ಶಿಗಳದು, ಅಂದರೆ ನ್ಯಾಚುರಲಿಸ್ಟರದು, ಮತ್ತೊಂದು ಪಾಠ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರ ದಶಕದಲ್ಲಿ ಕಬಿನಿಯಲ್ಲಿ ಬೆಳೆದಾಗ ಅಲ್ಲಿಯ ಹಿರಿಯ ನಿಸರ್ಗಪ್ರೇಮಿ ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರ ಜೊತೆ ಜೀಪಿನಲ್ಲಿ ಕೂತು ಕಲಿತವರು ಅನೇಕರು. ಹುಲಿ ತೋರಿಸುವುದಕ್ಕಿಂತ, ಜಿಂಕೆಯ ಕೂಗು ಕೇಳಿ ಜೀಪು ನಿಲ್ಲಿಸಿ ಸುಮ್ಮನೆ ಕಾಯುವುದನ್ನು ಅತಿಥಿಗಳಿಗೆ ಕಲಿಸುವುದು ನ್ಯಾಚುರಲಿಸ್ಟರಿಗೆ ಹೆಚ್ಚು ಕಷ್ಟದ ಕೆಲಸ.

ಇಷ್ಟೆಲ್ಲ ಕಲಿತದ್ದು ಒರೆಗೆ ಹತ್ತುವುದು ಇಂಡಸ್ಟ್ರಿಯಲ್ ಟ್ರೇನಿಂಗಿನಲ್ಲಿ. ರಾಷ್ಟ್ರೀಯ ಮಂಡಳಿಯ ಮೂರು ವರ್ಷದ ಪದವಿಯಲ್ಲಿ ಎರಡನೇ ವರ್ಷದ ಒಂದು ಸೆಮಿಸ್ಟರ್ ಪೂರ್ತಿ ವಿದ್ಯಾರ್ಥಿ ಹೋಟೆಲಿನಲ್ಲಿರುತ್ತಾನೆ. ತರಗತಿಯ ಅರ್ಧದಷ್ಟು ಮಂದಿ ಮೂರನೇ ಸೆಮಿಸ್ಟರಿನಲ್ಲಿ, ಉಳಿದವರು ನಾಲ್ಕನೆಯದರಲ್ಲಿ ಹೋಗುತ್ತಾರೆ. ಹಿರಿಯರ ಬಾಯಲ್ಲಿ ಇದು ಬರೀ ‘ಐಟಿ’. ಮೊದಲ ವಾರ ಈರುಳ್ಳಿ ಸುಲಿಯುವುದು, ಬೆಳ್ಳುಳ್ಳಿ ಬಿಡಿಸುವುದು, ನೂರಾರು ಗ್ಲಾಸುಗಳನ್ನು ಬಿಸಿನೀರಿನ ಹಬೆಗೆ ಹಿಡಿದು ಒರೆಸುವುದು. ಮಧ್ಯಾಹ್ನದ ಊಟ ಮುಗಿಸಿಕೊಟ್ಟು ಮೂರಕ್ಕೆ ಹೊರಟು, ಮತ್ತೆ ಏಳಕ್ಕೆ ಬಂದು ರಾತ್ರಿ ಹನ್ನೊಂದರವರೆಗೆ ನಿಲ್ಲುವ ಬ್ರೇಕ್ ಶಿಫ್ಟು. ಮದುವೆಯ ಆರತಕ್ಷತೆ ಇದ್ದ ದಿನ ಐನೂರು ತಟ್ಟೆ ಒಂದೇ ರೀತಿ ಜೋಡಿಸಬೇಕು. ಕಾಲೇಜಿನಲ್ಲಿ ಎರಡು ತಾಸು ತೆಗೆದುಕೊಂಡ ಕೆಲಸವನ್ನು ಇಲ್ಲಿ ಇಪ್ಪತ್ತು ನಿಮಿಷದಲ್ಲಿ ಮಾಡಿ ಮುಗಿಸುವ ಕೈಗಳನ್ನು ಹುಡುಗರು ಮೊದಲ ಸಲ ಹತ್ತಿರದಿಂದ ನೋಡುತ್ತಾರೆ. ಆ ಕೈಗಳಲ್ಲಿ ಅರ್ಧದಷ್ಟು ಕಾಲೇಜಿನ ಮೆಟ್ಟಿಲು ಹತ್ತಿದವಲ್ಲ.

ಪ್ರತಿ ದಿನದ ಕೆಲಸವನ್ನು ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಕಲಿತವನಿಗೂ ಬರೀ ದುಡಿದವನಿಗೂ ಇರುವ ವ್ಯತ್ಯಾಸ ಈ ಪುಸ್ತಕದಲ್ಲಿ ಕಾಣುತ್ತದೆ. ಒಬ್ಬ ‘ಇಂದು ಈರುಳ್ಳಿ ಸುಲಿದೆ’ ಎಂದು ಬರೆದು ಮಲಗುತ್ತಾನೆ. ಇನ್ನೊಬ್ಬ ಅದೇ ದಿನ, ಅದೇ ಮೂಲೆಯಲ್ಲಿ ಕೂತು ಸುಲಿದವನು, 20 ಕಿಲೋ ಈರುಳ್ಳಿಯಲ್ಲಿ ಸಿಪ್ಪೆ ಮತ್ತು ಕೊಳೆತದ್ದು ಕಳೆದು 17.6 ಕಿಲೋ ಉಳಿಯಿತು ಎಂದು ತೂಗಿ ಬರೆಯುತ್ತಾನೆ. ಕಿಲೋಗೆ 40 ರೂಪಾಯಿಗೆ ಕೊಂಡ ಈರುಳ್ಳಿ ಬಾಣಲೆಗೆ ಬೀಳುವ ಹೊತ್ತಿಗೆ 45 ರೂಪಾಯಿ ದಾಟಿರುತ್ತದೆ ಎಂದು ಅವನಿಗೆ ತಿಳಿಯುತ್ತದೆ. ಮುಂದೆ ಮೆನುವಿನ ದರ ನಿಗದಿ ಮಾಡುವ ಜಾಗಕ್ಕೆ ಏರುವಾಗ ಅವನಿಗೆ ಆ ರಾತ್ರಿಯ ತೂಕ ನೆನಪಿರುತ್ತದೆ.

ಇಡೀ ಶಿಕ್ಷಣದ ಜೀವ ಈ ಸೆಮಿಸ್ಟರ್. ದುರ್ಬಲ ಕೊಂಡಿಯೂ ಇದೇ. ನಾಲ್ಕು ವಿಭಾಗಗಳಲ್ಲೂ ಸರದಿಯಂತೆ ಕಲಿಸಬೇಕೆಂಬ ನಿಯಮವಿದ್ದರೂ, ಕೆಲಸಗಾರರು ಕಡಿಮೆಯಿರುವ ಕಡೆ ಟ್ರೇನಿಯನ್ನು ಒಂದೇ ವಿಭಾಗದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಕೊಳ್ಳುವುದುಂಟು. ಕೈಗೆ ಬರುವ ಸ್ಟೈಪೆಂಡ್ ಬಸ್ಸಿನ ಖರ್ಚಿಗೂ ಸಾಲದ ಉದಾಹರಣೆಗಳಿವೆ. ಇಲ್ಲಿ ಕಾಲೇಜಿನ ಹೊಣೆ ದೊಡ್ಡದು. ಅಧ್ಯಾಪಕರು ತಿಂಗಳಿಗೊಮ್ಮೆಯಾದರೂ ಹೋಟೆಲಿಗೆ ಹೋಗಿ ಲಾಗ್ ಬುಕ್ ತೆರೆದು ನೋಡಬೇಕು, ಸರದಿ ಬದಲಾಗಿದೆಯೇ ಎಂದು ಕೇಳಬೇಕು, ರಾತ್ರಿ ಪಾಳಿಯ ಹುಡುಗಿಯರಿಗೆ ಮನೆವರೆಗೆ ವಾಹನವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇಷ್ಟು ನಡೆದ ಕಡೆ ಐಟಿ ಮುಗಿಸಿ ಬಂದ ಹುಡುಗರ ನಡಿಗೆಯೇ ಬದಲಾಗಿರುತ್ತದೆ. ನಡೆಯದ ಕಡೆ ಅವರಲ್ಲಿ ಕೆಲವರು ಈ ವೃತ್ತಿಗೆ ಅಲ್ಲೇ ಕೈಮುಗಿದು ಬೇರೆ ಕೆಲಸ ಹುಡುಕುತ್ತಾರೆ. ಅವರ ಮೇಲೆ ಸೋಮಾರಿತನದ ಆರೋಪ ಹೊರಿಸುವುದು ನ್ಯಾಯವಲ್ಲ.

ಪದವಿ ಒಂದೇ ದಾರಿಯಲ್ಲ. ಅಡುಗೆ, ಬೇಕರಿ, ಫ್ರಂಟ್ ಆಫೀಸ್ ಒಂದೊಂದನ್ನೇ ಕಲಿಸುವ ಡಿಪ್ಲೊಮಾ ಮತ್ತು ಕ್ರಾಫ್ಟ್ ಕೋರ್ಸುಗಳಿವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009–10ರಲ್ಲಿ ‘ಹುನರ್ ಸೆ ರೋಜ್‌ಗಾರ್’ ಎಂಬ ಯೋಜನೆ ತಂದು, ಕಡಿಮೆ ಓದಿದ ಯುವಕ ಯುವತಿಯರಿಗೆ ಆರೆಂಟು ವಾರದ ಉಚಿತ ತರಬೇತಿ ಕೊಡಿಸಿತು. ಒಬೆರಾಯ್ ಹೋಟೆಲಿನವರು ಪಿಯುಸಿ ಮುಗಿಸಿದವರನ್ನು ನೇರವಾಗಿ ಆರಿಸಿಕೊಂಡು, ಕೆಲಸ ಕಲಿಸುತ್ತಲೇ ಮೂರು ವರ್ಷದಲ್ಲಿ ಪದವಿಯನ್ನೂ ಮುಗಿಸುವಂತೆ ಮಾಡುವ ‘ಸ್ಟೆಪ್’ ಎಂಬ ವ್ಯವಸ್ಥೆ ಇಟ್ಟುಕೊಂಡಿದ್ದಾರೆ. ಫೀಸು ಕಟ್ಟಲು ಕಷ್ಟವಿರುವ ಮನೆಗಳ ಮಕ್ಕಳು ಇಂಥ ದಾರಿಗಳನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಕೊನೆಯ ವರ್ಷ ಕ್ಯಾಂಪಸ್ ಸಂದರ್ಶನದ್ದು. ಗುಂಪು ಚರ್ಚೆ, ಸಂದರ್ಶನ, ಅಡುಗೆಮನೆಗೆ ಸೇರುವವರಿಗೆ ಟ್ರೇಡ್ ಟೆಸ್ಟು. ಟ್ರೇಡ್ ಟೆಸ್ಟಿನಲ್ಲಿ ಕೊಟ್ಟ ಸಾಮಾನಿನಿಂದ ಕೊಟ್ಟ ಹೊತ್ತಿನೊಳಗೆ ಅಡುಗೆ ಮಾಡಿ ತೋರಿಸಬೇಕು, ಮುಗಿದ ಮೇಲೆ ಮೇಜು ಎಷ್ಟು ಚೊಕ್ಕಟವಾಗಿದೆ ಎಂಬುದಕ್ಕೂ ಅಂಕವಿದೆ. ಸಂದರ್ಶನದಲ್ಲಿ ಹೆಚ್ಚಾಗಿ ಕೇಳುವುದು ಐಟಿಯ ಅನುಭವ: ಅತಿಥಿ ಯಾವಾಗ ಸಿಟ್ಟಾದರು, ಆಗ ಏನು ಮಾಡಿದಿರಿ. ಇಂಗ್ಲಿಷ್ ಸರಾಗವಿಲ್ಲದವರು ಇಲ್ಲಿ ಮುದುಡಿಕೊಳ್ಳುತ್ತಾರೆ. ಅವರಿಗೆ ಒಂದು ಸಂಗತಿ ತಿಳಿದಿರಬೇಕು. 2008ರ ನವೆಂಬರಿನ ಭಯೋತ್ಪಾದಕ ದಾಳಿಯಲ್ಲಿ ಅತಿಥಿಗಳನ್ನು ಬಿಟ್ಟುಹೋಗದ ಮುಂಬಯಿಯ ತಾಜ್ ಸಿಬ್ಬಂದಿಯ ಬಗ್ಗೆ 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆ ಲೇಖನ ಪ್ರಕಟಿಸಿತು. ಆ ಹೋಟೆಲು ಮಹಾನಗರಗಳಿಗಿಂತ ಸಣ್ಣ ಊರುಗಳಿಂದ ಯುವಕರನ್ನು ಆರಿಸಿ, ಬೇರೆಡೆ ಹನ್ನೆರಡು ತಿಂಗಳಿದ್ದ ತರಬೇತಿಯನ್ನು ಹದಿನೆಂಟು ತಿಂಗಳು ಕೊಡುತ್ತಿತ್ತು ಎಂದು ಅದರಲ್ಲಿದೆ. ಭಾಷೆಯನ್ನು ಆಮೇಲೆ ಕಲಿಸಬಹುದು, ಅತಿಥಿಯ ಮೇಲಿನ ಕಾಳಜಿಯನ್ನು ಮನೆಯಿಂದಲೇ ತಂದಿರಬೇಕು ಎಂಬುದು ಆ ಆಯ್ಕೆಯ ಹಿಂದಿನ ತರ್ಕ.

ಆಯ್ಕೆಯಾದವರಲ್ಲಿ ಕೆಲವರು ಮ್ಯಾನೇಜ್‌ಮೆಂಟ್ ಟ್ರೇನಿಗಳಾಗುತ್ತಾರೆ, ಹೆಚ್ಚಿನವರು ಕೆಳಗಿನ ಮೆಟ್ಟಿಲಿನಿಂದ ಆರಂಭಿಸುತ್ತಾರೆ. ಅಡುಗೆಮನೆಯಲ್ಲಿ ಮೊದಲ ಹುದ್ದೆ ಕಾಮಿ. ಅದರಲ್ಲೇ ಮೂರು ದರ್ಜೆ ದಾಟಿದ ಮೇಲೆ ಒಂದು ವಿಭಾಗದ ಹೊಣೆ ಹೊರುವ ಶೆಫ್ ದ ಪಾರ್ಟಿ, ನಂತರ ಸೂ ಶೆಫ್. ಹಡಗಿನ ಕೆಲಸಕ್ಕೆ ಹೋಗುವವರು ಇದರ ಜೊತೆಗೆ ಎಸ್‌ಟಿಸಿಡಬ್ಲ್ಯು ಎಂಬ ಸಮುದ್ರ ಸುರಕ್ಷತಾ ತರಬೇತಿ ಮುಗಿಸಿ, ನಾವಿಕರ ದಾಖಲೆ ಪುಸ್ತಕ ಮಾಡಿಸಿಕೊಂಡು, ಒಂದೊಂದು ಸಲಕ್ಕೆ ಹಲವು ತಿಂಗಳ ಕರಾರಿನ ಮೇಲೆ ಹೊರಡುತ್ತಾರೆ. ವಿಮಾನಗಳ ಅಡುಗೆಮನೆ, ದೊಡ್ಡ ಆಸ್ಪತ್ರೆಗಳು, ಸಾಫ್ಟ್‌ವೇರ್ ಕಂಪನಿಗಳ ಕ್ಯಾಂಟೀನು ಈಗ ಇವರನ್ನು ಕೇಳಿ ಕರೆದುಕೊಳ್ಳುತ್ತವೆ. ಪಾಠ ಹೇಳಲು ಮರಳುವವರಿಗೆ ರಾಷ್ಟ್ರೀಯ ಮಂಡಳಿಯದೇ ಅರ್ಹತಾ ಪರೀಕ್ಷೆಯಿದೆ.